ಸೇನೆಯ ಖರ್ಚು, ಮಲೆನಾಡಿನ ಕಂದಾಯ

ಯುದ್ಧ ಮುಗಿದ ಮೇಲೂ ಗೆದ್ದವರ ಸೈನ್ಯ ಸೋತವರ ನೆಲದಲ್ಲಿ ಬೀಡುಬಿಟ್ಟರೆ ಅದರ ಸಂಬಳ, ಸಾಗಾಟ, ದವಸಧಾನ್ಯಗಳ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಇರಾಕಿನಿಂದ ಗಾಜಾದವರೆಗೆ ಮತ್ತೆ ಮತ್ತೆ ಏಳುತ್ತಲೇ ಇದೆ. ಇದನ್ನು ದೂರದೇಶದ ಸುದ್ದಿಯೆಂದು ಓದಿ ಪುಟ ತಿರುವುವುದು ನಮ್ಮ ರೂಢಿ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಸಾಲಿನ ಜನ ಮೈಸೂರು ಸಂಸ್ಥಾನದ ಉಳಿದ ಪ್ರಜೆಗಳ ಜೊತೆ ಇಂಥದೊಂದು ಲೆಕ್ಕಕ್ಕೆ ಶತಮಾನಕ್ಕೂ ಮಿಕ್ಕಿ ಪಾಲು ತೆತ್ತವರು.

ಪಠ್ಯಪುಸ್ತಕಗಳಲ್ಲಿ ಇದರ ಹೆಸರು ‘ಸಹಾಯಕ ಸೈನ್ಯ ಪದ್ಧತಿ’. ಲಾರ್ಡ್ ವೆಲ್ಲೆಸ್ಲಿ ಜಾರಿಗೆ ತಂದನೆಂದು ಎರಡು ಅಂಕಕ್ಕೆ ಉತ್ತರ ಬರೆಸಿ ಮಕ್ಕಳನ್ನು ಮುಂದಿನ ಪಾಠಕ್ಕೆ ಕಳುಹಿಸುತ್ತೇವೆ. ಸಹಾಯ ಯಾರಿಗೆ, ಹಣ ಯಾರದು ಎಂದು ತರಗತಿಯಲ್ಲಿ ಯಾರೂ ಕೇಳುವುದಿಲ್ಲ.

1792ರ ಒಪ್ಪಂದದಲ್ಲಿಯೇ ಮೈಸೂರು ತನ್ನ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡವನ್ನೂ ತೆತ್ತಿತ್ತು. ಏಳು ವರ್ಷಗಳ ನಂತರ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್‌ನಲ್ಲಿ ರಾಜ್ಯದ ಹಂಚಿಕೆ ಮುಗಿಯಿತು. ಜುಲೈ 8ರಂದು, ಇನ್ನೂ ಐದು ವರ್ಷ ತುಂಬದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಸೈನ್ಯದ ಒಪ್ಪಂದವಾಯಿತು. ಕಂಪನಿಯ ಸೈನ್ಯವು ಮೈಸೂರನ್ನು ‘ರಕ್ಷಿಸುತ್ತದೆ’. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಹನ್ನೆರಡು ಮಾಸಿಕ ಕಂತುಗಳಲ್ಲಿ ಸಲ್ಲಿಸಬೇಕು. ರೂಪಾಯಿ ಲೆಕ್ಕದಲ್ಲಿ ಇದು 24.5 ಲಕ್ಷ. ಒಡೆಯರಿಗೆ ಬಿಟ್ಟುಕೊಟ್ಟ ಸೀಮೆಯ ಆದಾಯವನ್ನು ಕಂಪನಿಯವರೇ ಅಂದಾಜು ಮಾಡಿದ್ದು ಸುಮಾರು 13.74 ಲಕ್ಷ ಕಂಠೀರಾಯಿ ವರಹ. ಸ್ಟಾರ್ ಪಗೋಡ ಮದರಾಸಿನ ನಾಣ್ಯ. ಕಂಠೀರಾಯಿ ವರಹಕ್ಕಿಂತ ಬೆಲೆ ಹೆಚ್ಚು. ಹೀಗಾಗಿ ಅಂದಾಜು ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಕೆರೆಯ ತೂಬಿಗೂ ಖರ್ಚಾಗುವ ಮೊದಲೇ ಹೋಗಿಬಿಡುತ್ತಿತ್ತು.

ಆದಾಯ ಒಂದು ನಾಣ್ಯದಲ್ಲಿ, ತೆರಬೇಕಾದ್ದು ಇನ್ನೊಂದು ನಾಣ್ಯದಲ್ಲಿ! ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ 1940ರ ಫ್ರಾನ್ಸ್ ನೆನಪಾಗುತ್ತದೆ. ಜರ್ಮನಿ ಅಲ್ಲಿ ದಿನಕ್ಕೆ 2 ಕೋಟಿ ಮಾರ್ಕ್ ಆಕ್ರಮಣ ವೆಚ್ಚವನ್ನು ವಿಧಿಸಿತು. ವಿನಿಮಯ ದರವನ್ನೂ ತಾನೇ ಒಂದು ಮಾರ್ಕಿಗೆ 20 ಫ್ರಾಂಕ್ ಎಂದು ತನಗೆ ಲಾಭವಾಗುವಂತೆ ನಿಗದಿ ಮಾಡಿತು.

1799ರ ಒಪ್ಪಂದದಲ್ಲಿ ಮೊತ್ತಕ್ಕಿಂತ ಕಠಿಣವಾದ ಇನ್ನೊಂದು ಷರತ್ತಿತ್ತು. ಹಣ ಸಲ್ಲಿಕೆಗೆ ಅಡ್ಡಿಯಾದೀತೆಂಬ ಶಂಕೆ ಬಂದರೂ ಸಾಕು, ಕಂಪನಿಯು ಆಡಳಿತವನ್ನು ತಾನೇ ವಹಿಸಿಕೊಳ್ಳಬಹುದಾಗಿತ್ತು.

ಆ ಸೈನ್ಯ ಮಲೆನಾಡಿನಲ್ಲಿ ಮಾಡಿದ್ದೇನು? ಮೂಡಿಗೆರೆಗೆ ನೆರೆಯ ಬಲಂ ಸೀಮೆಯಲ್ಲಿ ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ತಲೆಬಾಗಲು ಒಪ್ಪಲಿಲ್ಲ. 1802ರ ಜನವರಿಯಲ್ಲಿ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ ಅರೆಕೆರೆಯ ನೆಲೆಯನ್ನು ಮುರಿದ. ಫೆಬ್ರವರಿಯಲ್ಲಿ ನಾಯಕನನ್ನು ಗಲ್ಲಿಗೇರಿಸಲಾಯಿತು. ಹಳ್ಳಿಗಳ ಕೋಟೆ ಕೊತ್ತಲಗಳನ್ನು ಕೆಡವಿ, ಕಾಡಿನ ನಡುವೆ ದಾರಿ ಕಡಿಸಿ, ಸೀಮೆಯನ್ನು ‘ಶಾಂತ’ಗೊಳಿಸಿದರು. ಮರುವರ್ಷ ಅದೇ ವೆಲ್ಲೆಸ್ಲಿ ಹರಿಹರದಿಂದ ಮರಾಠರ ಮೇಲೆ ದಂಡೆತ್ತಿ ಹೋದ. ಮೈಸೂರಿನ ಕುದುರೆ ಸವಾರರೂ ಜೊತೆಗೆ ಹೋದರು. 1807ರಲ್ಲಿ ಪೂರಕ ಒಪ್ಪಂದವೊಂದರ ಮೂಲಕ 4,000 ಸವಾರರನ್ನು ಸದಾ ಸಾಕುವ ಹೊಣೆಯೂ ಮೈಸೂರಿನ ಹೆಗಲೇರಿತು. ಇದು 7 ಲಕ್ಷ ಪಗೋಡಗಳ ಹೊರಗಿನ ಖರ್ಚು.

ಇನ್ನು ಈ ಹೊರೆ ಕೊನೆಗೆ ಯಾರ ಮೇಲೆ ಕೂತಿತು ಎಂಬುದಕ್ಕೆ ಬರೋಣ. ದಾಖಲೆಯಲ್ಲಿ ಹಣ ಕಟ್ಟಿದ್ದು ಮೈಸೂರು ದರ್ಬಾರು. ಕಂದಾಯ ಆಡಳಿತದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದವರಿಗೂ ಗೊತ್ತಿರುವ ಸಂಗತಿಯೆಂದರೆ, ಮೇಲಿನಿಂದ ಕಿಸ್ತು ನಿಗದಿಯಾದರೆ ಕೆಳಗೆ ಮಳೆಬೆಳೆಯ ಮಾತು ನಡೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ, ಅಡಿಕೆಗೆ ಕೊಳೆರೋಗ ಬಿದ್ದ ವರ್ಷವೂ ಕಂಪನಿಯ ಕಂತು ಕಂತೇ. ನಷ್ಟದ ಸಾಧ್ಯತೆಯೆಲ್ಲ ದಿವಾನರಿಂದ ಫೌಜುದಾರನಿಗೆ, ಅಮಲ್ದಾರನಿಗೆ, ಶಾನುಭೋಗ ಪಟೇಲರಿಗೆ ಇಳಿಯುತ್ತ, ಇಳಿಸಲು ಕೆಳಗೆ ಯಾರೂ ಇಲ್ಲದ ರೈತನಲ್ಲಿ ಬಂದು ನಿಲ್ಲುತ್ತದೆ. ಮಲೆನಾಡಿನಲ್ಲಿ ಆ ರೈತನಿಗಿಂತ ಕೆಳಗೂ ಒಬ್ಬನಿದ್ದ. ಹುಟ್ಟಾಳು, ಮಣ್ಣಾಳು ಎಂದು ಕರೆಸಿಕೊಂಡು, ಭೂಮಿಯೊಡನೆ ಕೈಬದಲಾಗುತ್ತಿದ್ದ ಆಳು. ಅವನ ಹೆಸರಿನಲ್ಲಿ ಕಂದಾಯವಿರಲಿಲ್ಲ. ಒಡೆಯನಿಗೆ ಬಿಗಿಯಾದಾಗ ಅವನ ಪಾಲಿನ ಭತ್ತ ಕಡಿಮೆಯಾಗುತ್ತಿತ್ತು, ಅಷ್ಟೆ.

ಪೂರ್ಣಯ್ಯನವರು ದಿವಾನರಾಗಿದ್ದಷ್ಟು ಕಾಲ ಬಿಗಿ ಹಿಡಿತದಿಂದ ಲೆಕ್ಕ ಸರಿದೂಗಿಸಿದರು. ಆಮೇಲೆ ದರ್ಬಾರಿನ ದುಂದುವೆಚ್ಚ ಹೆಚ್ಚಿದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆದಾಯದ ದೊಡ್ಡ ಪಾಲು ಮೊದಲೇ ಒತ್ತೆಯಾಗಿದ್ದ ಮನೆಯಲ್ಲಿ ಯಜಮಾನನ ಖರ್ಚು ಅಳತೆ ಮೀರಿದರೆ ಪೆಟ್ಟು ಎರಡು ಪಟ್ಟಾಗುತ್ತದೆ. ‘ಷರತ್ತು’ ಪದ್ಧತಿ ಬಂದಿತು. ಇಷ್ಟು ಹಣ ಒಪ್ಪಿಸುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಆತ ಹೇಗೆ ತುಂಬಿಕೊಂಡನೆಂದು ವಿವರಿಸಬೇಕಾಗಿಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಒಂದು ಹಳ್ಳಿಯವರಂತೂ ಹಿಂದೆಂದೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರಿಗೆ ಕಟ್ಟುತ್ತಿದ್ದರು. ಮುಂದೆ ಕಬ್ಬನ್ ಆಡಳಿತದಲ್ಲಿ ಇಂಥ 769 ಚಿಲ್ಲರೆ ಬಾಬುಗಳನ್ನು ರದ್ದು ಮಾಡಿದರು. ಇವೆಲ್ಲ ಕಂಪನಿ ಹಾಕಿದ ತೆರಿಗೆಗಳಲ್ಲ. ಹಲವು ಅದಕ್ಕಿಂತ ಹಳೆಯವು. ಆದರೆ ಕಂತಿನ ಒತ್ತಡದಲ್ಲಿದ್ದ ಸರ್ಕಾರಕ್ಕೆ ಒಂದನ್ನೂ ಬಿಡುವ ಧೈರ್ಯವಿರಲಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಬೂದಿ ಬಸವಪ್ಪ ನಾಯಕನೂ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಮುಂದಾದರು. ರೈತರ ಸಿಟ್ಟು ಯಾರ ಮೇಲೆ? ಅಮಲ್ದಾರರ ಮೇಲೆ, ದರ್ಬಾರಿನ ಮೇಲೆ. ಕಂಪನಿಯ ಕಂತು ಅವರ ಕಣ್ಣಿಗೆ ಕಾಣುವಂತಿರಲಿಲ್ಲ. ಅದು ಕಂದಾಯದೊಳಗೆ ಕರಗಿಹೋಗಿತ್ತು. ದಂಗೆಯನ್ನು ಅಡಗಿಸಲು ಬಂದದ್ದು ಕಂಪನಿಯ ಸೈನ್ಯವೇ. 1831ರ ಅಕ್ಟೋಬರಿನಲ್ಲಿ ಬೆಂಟಿಂಕ್ ಹಳೆಯ ಷರತ್ತನ್ನು ಮುಂದಿಟ್ಟು ಆಡಳಿತವನ್ನು ವಹಿಸಿಕೊಂಡ. ಪೊಗದಿ ಪಡೆಯುವವನೇ ಪೊಗದಿ ವಸೂಲು ಮಾಡುವವನೂ ಆದ. ಈ ಸ್ಥಿತಿ ಐವತ್ತು ವರ್ಷ ನಡೆಯಿತು.

ನಮ್ಮ ಕಾಫಿ ಕಥೆ ಶುರುವಾಗುವುದೂ ಆ ಹೊತ್ತಿಗೇ. ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ಕ್ಯಾನನ್ ಎಂಬ ಯುರೋಪಿಯನ್ 1830ರ ಸುಮಾರಿಗೆ ತೋಟ ಮಾಡಿದ. ಕಾಫಿಗೆ ಮಣದ ಲೆಕ್ಕದಲ್ಲಿ ‘ಹಾಲತ್ತು’ ಎಂಬ ಸುಂಕವಿತ್ತು. ಮೊದಲು ಮಣಕ್ಕೆ ಒಂದು ರೂಪಾಯಿ ಇದ್ದುದನ್ನು ಆಮೇಲೆ ನಾಲ್ಕಾಣೆಗೆ ಇಳಿಸಿದರು. 1880ರ ದಶಕದಲ್ಲಿ ಅದರ ಬದಲಿಗೆ ಎಕರೆವಾರು ಕಂದಾಯ ಬಂದಿತು. ತೋಟದವರಿಗೆ ಕೇಳುವ ದನಿಯಿತ್ತು, ಕಡಿತ ಸಿಕ್ಕಿತು. ಗದ್ದೆಯವನಿಗೆ ಆ ದನಿ ಇರಲಿಲ್ಲ.

ಬ್ರಿಟಿಷರ ಶಾಂತಿ ಇಲ್ಲದಿದ್ದರೆ ಘಟ್ಟದ ರಸ್ತೆಗಳು, ಕಾಫಿ ಮಾರುಕಟ್ಟೆ, ಸುಭದ್ರ ಆಡಳಿತ ಇರುತ್ತಿದ್ದವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ರಸ್ತೆಗಳಿಗೆ ಹಣ ಬಂದದ್ದು ಪೊಗದಿ ಕಳೆದು ಉಳಿದ ಆದಾಯದಿಂದ. ಜೊತೆಗೆ 1881ರ ಲೆಕ್ಕವನ್ನೂ ನೋಡಬೇಕು. 1871ರಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1876–78ರ ಕ್ಷಾಮದ ನಂತರ, 1881ರಲ್ಲಿ, 41.86 ಲಕ್ಷಕ್ಕೆ ಇಳಿದಿತ್ತು. ಖಜಾನೆಯ ಮೇಲೆ 80 ಲಕ್ಷ ರೂಪಾಯಿ ಕ್ಷಾಮದ ಸಾಲ. ಅದೇ ವರ್ಷ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಕ್ಷಾಮವನ್ನು ನೆನೆದು ಹೆಚ್ಚಳವನ್ನು 1896ರವರೆಗೆ ಮುಂದೂಡಿದರು. ಮೂಲ ಮೊತ್ತ ಹಾಗೆಯೇ ನಡೆಯಿತು. ಹೆಚ್ಚಳವನ್ನು ಬಿಟ್ಟುಕೊಟ್ಟದ್ದು 1928ರಲ್ಲಿ. ಸುಮ್ಮನೆ ಗುಣಿಸಿದರೂ 1799ರಿಂದ 1881ರವರೆಗೆ ಹೋದದ್ದು 20 ಕೋಟಿ ರೂಪಾಯಿ. ಕ್ಷಾಮದ ಸಾಲವನ್ನು ಮೂರೂಕಾಲು ವರ್ಷದ ಪೊಗದಿ ತೀರಿಸಬಹುದಾಗಿತ್ತು.

ನನ್ನ ವಯಸ್ಸಿನವರಿಗೆ 1971ರ ನವೆಂಬರಿನಲ್ಲಿ ಅಂಚೆಗೆ ಹಚ್ಚಬೇಕಾಗಿ ಬಂದ 5 ಪೈಸೆಯ ನಿರಾಶ್ರಿತರ ಪರಿಹಾರ ಚೀಟಿ ನೆನಪಿರಬಹುದು. ಅದು ಸೇನೆಯ ಖರ್ಚಲ್ಲ, ನಿಜ. ಆದರೆ ಏತಕ್ಕೆ ಕೊಡುತ್ತಿದ್ದೇವೆಂದು ಕಾಗದ ಬರೆದ ಪ್ರತಿಯೊಬ್ಬನಿಗೂ ತಿಳಿದಿತ್ತು. ಯುದ್ಧ ಗೆದ್ದ ನಮ್ಮ ಸೈನ್ಯ 1972ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದಿಂದ ಹೊರಬಂದಿತು. ಢಾಕಾದ ರೈತನಿಗೆ ನಾವು ಕಂತು ಕಟ್ಟಿಸಲಿಲ್ಲ. ಇರಾಕಿನಲ್ಲಿ ಸೈನ್ಯದ ವೆಚ್ಚವನ್ನು ಹೆಚ್ಚಾಗಿ ಅಮೆರಿಕದ ತೆರಿಗೆದಾರರೇ ಹೊತ್ತರೂ, 2003ರ ಮೇನಲ್ಲಿ ಭದ್ರತಾ ಮಂಡಳಿಯ 1483ನೇ ನಿರ್ಣಯದಂತೆ ಇರಾಕಿನ ತೈಲದ ಹಣ ಆಕ್ರಮಣಕಾರರ ಕೈಯಲ್ಲಿದ್ದ ನಿಧಿಗೆ ಹೋಯಿತು. ಆ ಪೈಕಿ 8.8 ಶತಕೋಟಿ ಡಾಲರಿಗೆ ಸರಿಯಾದ ಲೆಕ್ಕ ಸಿಗಲಿಲ್ಲವೆಂದು ಅಮೆರಿಕದ್ದೇ ವಿಶೇಷ ತಪಾಸಣಾಧಿಕಾರಿ 2005ರಲ್ಲಿ ವರದಿ ಮಾಡಿದರು.

ಆದ್ದರಿಂದ ಯುದ್ಧಾನಂತರ ಎಲ್ಲಿಯಾದರೂ ಹೊರಗಿನ ಸೈನ್ಯವನ್ನು ನಿಲ್ಲಿಸುವ ಪ್ರಸ್ತಾಪ ವಿಶ್ವಸಂಸ್ಥೆಗೆ ಬಂದಾಗ ಭಾರತದ ಪ್ರತಿನಿಧಿ ಕೇಳಬೇಕಾದ ಪ್ರಶ್ನೆಗಳು ನಮ್ಮ ಚರಿತ್ರೆಯಲ್ಲೇ ಇವೆ. ಖರ್ಚು ಯಾವ ನಾಣ್ಯದಲ್ಲಿ? ಬೆಳೆ ಹೋದ ವರ್ಷ ಕಂತು ನಿಲ್ಲುತ್ತದೆಯೇ? ಸೈನ್ಯವನ್ನು ಬೇರೆ ಯುದ್ಧಕ್ಕೆ ಒಯ್ದರೆ ಆ ದಿನಗಳ ಹಣ ವಾಪಸಾಗುತ್ತದೆಯೇ? ಲೆಕ್ಕ ತಪಾಸಣೆ ಯಾರದು, ಕೊನೆಯ ದಿನಾಂಕ ಯಾವುದು?

ನಮ್ಮ ಸರ್ಕಾರ ಮಾಡಬಹುದಾದ ಚಿಕ್ಕ ಕೆಲಸವೂ ಒಂದಿದೆ. ರಾಜ್ಯ ಪತ್ರಾಗಾರದಲ್ಲಿರುವ ಆ ಕಾಲದ ಕಂದಾಯ ದಾಖಲೆಗಳಿಂದ ಮಲೆನಾಡಿನ ತಾಲ್ಲೂಕುಗಳ ವಸೂಲಿಯನ್ನು ಆಯ್ದು, ಪೊಗದಿಯ ಕಂತಿನ ಪಕ್ಕದಲ್ಲಿಟ್ಟು ಕನ್ನಡದಲ್ಲಿ ಪ್ರಕಟಿಸಲಿ. ಈಗ ತಾನೇ ಒಂದು ತಾಲ್ಲೂಕಾಗಿರುವ ಕಳಸದಿಂದ ಆರಂಭಿಸಿದರೂ ಆದೀತು.