ಕೀಲಿಕೈ ಯಾರ ಕೈಯಲ್ಲಿ?

ಊರಿಗೆ ಮನಿಯಾರ್ಡರ್ ಮಾಡಲು ನಮ್ಮ ಹೋಟೆಲಿನ ಹುಡುಗರು ಅಂಚೆ ಕಚೇರಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಕಳೆಯಿತು. ಈಗ ಹಣವು ಗುಪ್ತಲಿಪಿಯ ರಕ್ಷಣೆಯಲ್ಲಿ ಮೊಬೈಲಿನಿಂದಲೇ ಊರು ಸೇರುತ್ತದೆ. ಇಂಥ ಲಿಪಿಗಳಲ್ಲಿ ಹಲವನ್ನು ಪ್ರಬಲವಾದ ಕ್ವಾಂಟಮ್ ಗಣಕಯಂತ್ರವು ಬಿಡಿಸಬಲ್ಲದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿಕೊಟ್ಟರು. ಆದುದರಿಂದ ಕೇಂದ್ರ ಸರಕಾರವು 2023ರ ಏಪ್ರಿಲಿನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಒಪ್ಪಿಗೆಯಿತ್ತು, ನಗರ ನಗರಗಳ ನಡುವೆ 2,000 ಕಿಲೋಮೀಟರುಗಳವರೆಗೆ ಗುಪ್ತ ಕೀಲಿಗಳನ್ನು ಸಾಗಿಸುವುದನ್ನೂ ಅದರ ಗುರಿಗಳಲ್ಲಿ ಸೇರಿಸಿದುದು ಸ್ತುತ್ಯರ್ಹವೇ ಸರಿ. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯವೂ ಈ ವಿದ್ಯೆಯಲ್ಲಿ ದುಡಿಯುತ್ತಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆದರೆ ಒಂದು ಮಾತನ್ನು ನಾವು ಸ್ಪಷ್ಟವಾಗಿ ಆಡಬೇಕಾಗಿದೆ. 1984ರಲ್ಲಿ ಬೆನೆಟ್ ಮತ್ತು ಬ್ರಸಾರ್ಡ್ ಕಂಡುಹಿಡಿದ ಈ ವಿಧಾನದಲ್ಲಿ ಕೀಲಿಯು ಬಿಡಿ ಬಿಡಿ ಬೆಳಕಿನ ಕಣಗಳಲ್ಲಿ ಸಾಗುತ್ತದೆ. ನಡುದಾರಿಯಲ್ಲಿ ಯಾರಾದರೂ ಇಣುಕಿದರೆ ಗುರುತು ಉಳಿಯುತ್ತದೆ. ಕಣದ ನಕಲು ಮಾಡುವುದು ಅಸಾಧ್ಯ. ಅದೇ ಕಾರಣಕ್ಕೆ ಗಾಜಿನ ತಂತಿಯಲ್ಲಿ ಕ್ಷೀಣಿಸಿದ ಬೆಳಕನ್ನು ದಾರಿಯಲ್ಲಿ ಹಿಗ್ಗಿಸಿ ಕಳುಹಿಸಲೂ ಬಾರದು. ಚೀನಾ ದೇಶವು 2017ರಲ್ಲಿ ಪ್ರಾರಂಭಿಸಿದ ಬೀಜಿಂಗ್-ಶಾಂಘೈ ಮಾರ್ಗದಲ್ಲಿ ಸುಮಾರು 2,000 ಕಿಲೋಮೀಟರುಗಳಿಗೆ 32 ಠಾಣೆಗಳನ್ನು ಇರಿಸಬೇಕಾಯಿತು. ಪ್ರತಿ ಠಾಣೆಯಲ್ಲಿ ಕೀಲಿಯನ್ನು ಬಿಚ್ಚಿ, ಮುಂದಿನ ಹಾದಿಯ ಕೀಲಿಯಿಂದ ಮತ್ತೆ ಮುಚ್ಚಿ ಕಳುಹಿಸುತ್ತಾರೆ. ಠಾಣೆಗಳ ನಡುವೆ ಕಾವಲಿರುವುದು ಪ್ರಕೃತಿಯ ನಿಯಮ. ಠಾಣೆಯೊಳಗೆ ಕಾವಲಿರುವವನು ಮನುಷ್ಯ. ಗಲ್ಲಾಪೆಟ್ಟಿಗೆಯ ಬೀಗ ಎಷ್ಟು ಗಟ್ಟಿಯಾಗಿದ್ದರೂ ಗಲ್ಲದಲ್ಲಿ ಕೂತವನು ಯಾರೆಂದು ನೋಡದೆ ಹೋಟೆಲು ನಡೆಸಿದವರ ಗತಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಒಂದೇ ತುಂಡು ಸಿಕ್ಕಿದವನಿಗೆ ಏನೂ ತಿಳಿಯದಂತೆ ಕೀಲಿಯನ್ನು ಗಣಿತದಿಂದ ಎರಡು ಮಾಡಿ, ಎಲ್ಲಿಯೂ ಕೂಡದ ಎರಡು ದಾರಿಗಳಲ್ಲಿ ಕಳುಹಿಸಬಹುದು. ಆಗ ಯಾವ ಒಂದು ಠಾಣೆಯವನು ಕೆಟ್ಟರೂ ಗುಟ್ಟು ಕೆಡದು. ತೊಡಕಿರುವುದು ಬೇರೆಡೆ. ಕೀಲಿಗಳು ನಿಧಾನವಾಗಿ ಹುಟ್ಟಿ ಬೇಗನೆ ಖರ್ಚಾಗುತ್ತವೆ. ದಾರಿ ಆರಿಸುವ ಯಂತ್ರವು ಪ್ರತಿ ಹಾದಿಯ ದಾಸ್ತಾನನ್ನು ನೋಡಿಯೇ ನಡೆಯಬೇಕಾಗುತ್ತದೆ. ಒಂದು ಹಾದಿಯಲ್ಲಿ ದಾಸ್ತಾನು ಮುಗಿದ ದಿನ ಎರಡು ತುಂಡುಗಳನ್ನೂ ಒಂದೇ ದಾರಿಗೆ ತಳ್ಳುವ ಆಸೆ ಹುಟ್ಟದಿರದು. ಆ ದಿನ ಕೆಲಸ ತಡವಾದರೂ ಚಿಂತೆಯಿಲ್ಲ, ಹಾಗೆ ತಳ್ಳಕೂಡದೆಂದು ನಿಯಮದಲ್ಲಿಯೇ ಬರೆಯಬೇಕು.

ಮಹಾನಗರಗಳ ನಡುವೆ ಈ ಜಾಲವನ್ನು ಹಾಸುವ ಮೊದಲೇ ಎರಡು ಪ್ರತ್ಯೇಕ ಮಾರ್ಗಗಳಿಗೆ ಹಣ ತೆಗೆದಿರಿಸಬೇಕು, ಪ್ರತಿ ಠಾಣೆಯು ಯಾರ ಅಧೀನದಲ್ಲಿದೆ ಮತ್ತು ಅದರ ತಪಾಸಣೆ ಮಾಡುವವರು ಯಾರು ಎಂಬುದನ್ನು ಲೋಕಸಭೆಯ ಮುಂದಿಡಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.