ಕಾಣದ ಕೊಲೆಗೆ ಸಾಕ್ಷಿ ಯಾವುದು?

ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕವನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ವಿದ್ಯಾರ್ಥಿಗಳ ಮುಂದೆ ನಾನೊಂದು ಪ್ರಶ್ನೆಯನ್ನಿಡುವುದುಂಟು: ಕಥೆಯ ಒಳಗುಟ್ಟು ತಿಳಿಯದೆ ನೀವು ಆ ಧರ್ಮಾಸನದ ಮೇಲೆ ಕುಳಿತಿದ್ದರೆ ಚಾರುದತ್ತನನ್ನು ಬಿಡುತ್ತಿದ್ದಿರೇನು? ಮೊದಲು ಎಲ್ಲರೂ ‘ಖಂಡಿತ ಬಿಡುತ್ತಿದ್ದೆವು’ ಎನ್ನುತ್ತಾರೆ. ಸಾಕ್ಷ್ಯವನ್ನು ಒಂದೊಂದಾಗಿ ಮುಂದಿಟ್ಟಾಗ ತರಗತಿ ಮೌನವಾಗುತ್ತದೆ.

ವಸಂತಸೇನೆ ಹೋದದ್ದು ಚಾರುದತ್ತನ ಮನೆಗೆ. ಹೇಳಿದವಳು ಆಕೆಯ ಹೆತ್ತ ತಾಯಿಯೇ. ಚಾರುದತ್ತನ ಬಂಡಿ ಅವಳನ್ನು ಪುಷ್ಪಕರಂಡಕ ಉದ್ಯಾನಕ್ಕೆ ಒಯ್ಯುತ್ತಿತ್ತೆಂದು ಕಾವಲಿನ ವೀರಕ ನುಡಿಯುತ್ತಾನೆ. ಉದ್ಯಾನದಲ್ಲಿ ಹೆಣ್ಣೊಬ್ಬಳ ಶವವೂ ಕಂಡುಬರುತ್ತದೆ. ಇಷ್ಟು ಸಾಲದೆಂಬಂತೆ ಮೈತ್ರೇಯನ ಕಂಕುಳಿಂದ ಅವಳ ಒಡವೆಗಳು ನ್ಯಾಯಸಭೆಯ ನಡುವೆಯೇ ಜಾರಿ ಬೀಳುತ್ತವೆ. ಬಡತನ ಬಂದವನಿಗೆ ಒಡವೆಯ ಆಸೆ, ಉದ್ದೇಶವೂ ಸಿದ್ಧ. ಕೊಲೆಯನ್ನು ಕಂಡವರು ಮಾತ್ರ ಯಾರೂ ಇಲ್ಲ. ನ್ಯಾಯಾಧಿಕಾರಿಯ ಮನಸ್ಸು ಚಾರುದತ್ತನ ಕಡೆಗಿದ್ದರೂ ಶೂಲದ ಆಜ್ಞೆ ಹೊರಟೇ ಹೊರಡುತ್ತದೆ. ಉದ್ಯಾನದಲ್ಲಿ ಬಿದ್ದಿದ್ದ ದೇಹ ಯಾರದು? ಆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ!

ನಮ್ಮ ನೈಯಾಯಿಕರು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸಿದರು. ಜೊತೆಗೆ, ಹಬೆಯನ್ನೇ ಹೊಗೆಯೆಂದು ಭ್ರಮಿಸಿದರೆ ಅದು ಹೇತ್ವಾಭಾಸವೆಂದೂ ಎಚ್ಚರಿಸಿದರು. ಸಾಂದರ್ಭಿಕ ಸಾಕ್ಷ್ಯದ ಬಲವೂ ಅಪಾಯವೂ ಇಲ್ಲಿಯೇ ಇದೆ. ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಮೊಕದ್ದಮೆಯಲ್ಲಿ ವಿಧಿಸಿದ ನಿಯಮದ ತಿರುಳೂ ಇದೇ: ಪ್ರತಿಯೊಂದು ಸಂಗತಿಯೂ ಮೊದಲು ತಾನೇ ಸಂಪೂರ್ಣವಾಗಿ ಸಿದ್ಧವಾಗಬೇಕು, ಎಲ್ಲವೂ ಕೂಡಿ ಆರೋಪಿಯ ಅಪರಾಧವನ್ನಲ್ಲದೆ ಬೇರೆ ಯಾವ ಊಹೆಗೂ ಎಡೆಗೊಡಬಾರದು, ಸರಪಣಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಸ್ಥಾನಕ್ಕೆ ಏರಲಾರದು. ಆ ಮೊಕದ್ದಮೆಯ ಆರೋಪಿ ಬಿಡುಗಡೆ ಹೊಂದಿದನು.

ವಿಜ್ಞಾನ ಬಂದ ಮೇಲೆ ಈ ಚಿಂತೆ ತೀರಿತೆಂದು ಹಲವರ ನಂಬಿಕೆ. ಬೆರಳಚ್ಚಿನ ಮೊದಲ ಪ್ರಸಿದ್ಧ ಪ್ರಕರಣಗಳಲ್ಲೊಂದು ನಮ್ಮ ದೇಶದ್ದೇ. 1897ರಲ್ಲಿ ಬಂಗಾಳದ ಜಲಪಾಯಿಗುರಿಯ ಚಹಾ ತೋಟವೊಂದರ ವ್ಯವಸ್ಥಾಪಕ ಕೊಲೆಯಾದನು. ಅಲ್ಲಿದ್ದ ಪಂಚಾಂಗವೊಂದರ ಮೇಲೆ ಹೆಬ್ಬೆರಳಿನ ರಕ್ತದ ಕಲೆಯಿತ್ತು. ಅದು ಹಿಂದೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದ ಹಳೆಯ ಸೇವಕನ ಬೆರಳಿಗೆ ಹೊಂದಿತು. ನ್ಯಾಯಾಲಯ ಆ ಗುರುತನ್ನು ಒಪ್ಪಿತು. ಕಳವಿಗಾಗಿ ಶಿಕ್ಷೆ ವಿಧಿಸಿತು. ಆದರೆ ಕೊಲೆಯ ಆರೋಪದಿಂದ ಅವನನ್ನು ಬಿಟ್ಟುಬಿಟ್ಟಿತು. ಬೆರಳು ಪಂಚಾಂಗವನ್ನು ಮುಟ್ಟಿತ್ತೆಂಬುದು ನಿಜ, ಕತ್ತಿಯನ್ನು ಹಿಡಿದಿತ್ತೆಂದು ಆ ಗುರುತು ಹೇಳಲಿಲ್ಲ. ಅತಿ ಎಚ್ಚರವೆಂದು ಕೆಲವರು ನಗಬಹುದು. ನನಗಂತೂ ಆ ತೀರ್ಪಿನ ಬಗೆಗೆ ಗೌರವವಿದೆ.

ಇದಕ್ಕೆ ವಿರುದ್ಧ ದಿಕ್ಕಿನದು ಅನಂತ ಚಿಂತಾಮಣ ಲಾಗು ಪ್ರಕರಣ. 1956ರ ನವೆಂಬರಿನಲ್ಲಿ ಪುಣೆಯ ಶ್ರೀಮಂತ ವಿಧವೆಯೊಬ್ಬರು ತಮ್ಮ ವೈದ್ಯನ ಜೊತೆ ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟರು. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿ ತೀರಿಕೊಂಡರು. ರಾಸಾಯನಿಕ ಪರೀಕ್ಷೆಯಲ್ಲಿ ವಿಷದ ಲೇಶವೂ ಸಿಗಲಿಲ್ಲ. ಆದರೆ ವೈದ್ಯ ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರನ್ನು ಹೇಳಿರಲಿಲ್ಲ, ಆಕೆ ತೀರ್ಥಯಾತ್ರೆಗೆ ಹೋಗಿದ್ದಾಳೆಂದು ನಂಬಿಸುವ ಸುಳ್ಳು ಪತ್ರಗಳನ್ನು ಹುಟ್ಟಿಸಿದನು, ಆಸ್ತಿಯನ್ನೆಲ್ಲ ತನ್ನದಾಗಿಸಿಕೊಂಡನು. 1959ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯನ್ನು ಎತ್ತಿಹಿಡಿಯಿತು. ವಿಷ ದೊರೆಯಲಿಲ್ಲವೆಂಬುದೊಂದೇ ಕಾರಣಕ್ಕೆ ಕೊಲೆಗಾರನು ಪಾರಾಗುವುದಾದರೆ, ವೈದ್ಯಶಾಸ್ತ್ರ ಬಲ್ಲ ಪಾಪಿಗೆ ಕಾನೂನು ಸೋತಂತೆಯೇ ಅಲ್ಲವೆ?

ಈಗ 2024ರ ಜುಲೈಯಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಏಳು ವರ್ಷ ಅಥವಾ ಅದಕ್ಕೂ ಮಿಗಿಲಾದ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂಬ ನಿಯಮವಿದೆ. ಅದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿ ಕೊಟ್ಟಿದ್ದಾರೆ. ಸ್ವಾಗತಾರ್ಹವೇ ಸರಿ. ಆದರೆ ರಕ್ತದ ಒಂದು ಹನಿ ಪ್ರಯೋಗಶಾಲೆ ಮುಟ್ಟುವ ಮೊದಲು ಎಷ್ಟು ಕೈ ದಾಟಿತು, ಮೊಹರು ಯಾವಾಗ ಬಿತ್ತು, ಎಷ್ಟು ದಿನ ಠಾಣೆಯ ಕಪಾಟಿನಲ್ಲಿ ಉಳಿಯಿತು ಎಂಬುದನ್ನು ಯಾವ ಯಂತ್ರವೂ ಹೇಳದು. ಡಿಎನ್‌ಎ ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಪತ್ರಿಕೆ ಓದುತ್ತಲೇ, ಕಾಫಿ ಆರುವ ಮೊದಲು, ತೀರ್ಪು ಕೊಟ್ಟು ಮುಗಿಸುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ನುಡಿ ಹಾಗಿರಲಿ, ಕಾಣದ್ದಕ್ಕೂ ಪ್ರಮಾಣ ಕೇಳದ ಕಾಲವಿದು.

ಲಾಗು ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳಿದ್ದರು. ಅವರಲ್ಲಿ ಸರ್ಕಾರ್ ಅವರು, ಆ ಸಾವು ಸಹಜವಲ್ಲವೆಂಬುದೇ ಸಿದ್ಧವಾಗಿಲ್ಲವೆಂದು ಭಿನ್ನಮತ ಬರೆದರು. ಬಹುಮತದ ತೀರ್ಪೇ ಸರಿಯೆಂದು ನನ್ನ ಎಣಿಕೆ. ಆದರೂ ಮೃಚ್ಛಕಟಿಕದ ಪಾಠ ಮುಗಿದ ದಿನ ಎರಡು ವಾದಗಳನ್ನೂ ಹೇಳುತ್ತೇನೆ. ಕಳೆದ ವರ್ಷ ತರಗತಿ ಸರಿಯಾಗಿ ಎರಡು ಪಾಲಾಯಿತು. ಗಂಟೆ ಬಾರಿಸಿದ ಮೇಲೂ ಹುಡುಗರು ಪಡಸಾಲೆಯಲ್ಲಿ ನಿಂತು ವಾದಿಸುತ್ತಲೇ ಇದ್ದರು.