ಕೆಲಸ ಹೋದ ಮನೆಯಲ್ಲಿ ಮೊದಲು ಕಾಲೇಜು ಬಿಡಿಸಬೇಡಿ

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಸಾಲಾಗಿ ಬೀಳತೊಡಗುತ್ತದೆ. ಉಪನ್ಯಾಸಕರು ಕೇಳಿದರೆ ‘ಊರಿಗೆ ಹೋಗ್ಯಾನ ಸರ್’, ‘ಆಕಿಗೆ ಆರಾಮ ಇಲ್ಲಂತ್ರಿ ಮೇಡಂ’ ಎಂಬ ಉತ್ತರ ಬರುತ್ತದೆ. ನಿಜವಾದ ಕಾರಣ ಬೆಂಚಿನಲ್ಲಿ ಕೂತವರಿಗೆಲ್ಲ ಗೊತ್ತಿರುತ್ತದೆ. ಮನೆಯಲ್ಲಿ ತಂದೆಯ ಕೆಲಸ ಹೋಗಿದೆ. ಮಗ ಗ್ಯಾರೇಜಿಗೋ ಹೋಟೆಲಿಗೋ ಸೇರಿದ್ದಾನೆ. ಮಗಳಿಗೆ ‘ಕಲಿತದ್ದು ಸಾಕು’ ಎಂದಿದ್ದಾರೆ.

ಈ ವಿಷಯವನ್ನು ನಾವು ಬಾಯಿಬಿಟ್ಟು ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ. ಕೆಲಸ ಕಳೆದುಕೊಳ್ಳುವುದು ತಪ್ಪಲ್ಲ. ಬೇರೆ ಕೆಲಸ ಹುಡುಕುವುದು ಮನೆಯ ಯಜಮಾನ ಒಬ್ಬನೇ ಗುಟ್ಟಾಗಿ ಹೊರಬೇಕಾದ ಹೊರೆಯೂ ಅಲ್ಲ.

ನಮ್ಮ ಭಾಗದಲ್ಲಿ ಕೆಲಸ ಹೋಗುವ ರೀತಿಯೇ ಬೇರೆ. ದೊಡ್ಡ ಕಂಪನಿಗಳಲ್ಲಿ ಪತ್ರ ಬರುತ್ತದೆ, ಮೇಲ್ ಬರುತ್ತದೆ. ಇಳಕಲ್ಲಿನ ಕೈಮಗ್ಗದ ನೇಕಾರನಿಗೆ ಯಾರೂ ಪತ್ರ ಕೊಡುವುದಿಲ್ಲ. ಸೀರೆ ನೇಯ್ದು ಕೊಟ್ಟ ಮೇಲೆ ಮಾಲೀಕ ಮುಂದಿನ ಹಾಸು ಕೊಡುವುದಿಲ್ಲ, ಅಷ್ಟೇ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ, ತೋಪು ತೆನೆ ಸೆರಗು ನೇಯುವ ಕೈಗೆ ದಿನಗಳೇ ಬೇಕು. ಅದೇ ಬಗೆಯ ಸೀರೆ ವಿದ್ಯುತ್ ಮಗ್ಗದಲ್ಲಿ ಬೇಗ ಇಳಿಯುತ್ತದೆ, ಕಡಿಮೆ ಬೆಲೆಗೂ ಸಿಗುತ್ತದೆ. ಸೀರೆಯೂ ಸೇರಿದಂತೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲೇ ಬಂದಿದೆ. ಆದರೂ ಕೈಮಗ್ಗದ ಗುಂಡಿ ಮುಚ್ಚಿದ ಮನೆಗಳು ನಮ್ಮ ಓಣಿಗಳಲ್ಲಿ ಎಷ್ಟಿವೆ ಎಂದು ನಾವೇ ಎಣಿಸಬಹುದು.

ಪಟ್ಟದಕಲ್ಲಿನಲ್ಲಿ ಇನ್ನೊಂದು ರೀತಿ. 2020ರ ಮಾರ್ಚ್ 17ರಂದು ಕೊರೊನಾ ಕಾರಣಕ್ಕೆ ದೇಶದ ಸಂರಕ್ಷಿತ ಸ್ಮಾರಕಗಳೆಲ್ಲ ಮುಚ್ಚಿದವು. ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಜುಲೈ 6ಕ್ಕೆ. 2021ರಲ್ಲಿ ಮತ್ತೊಮ್ಮೆ ಎರಡು ತಿಂಗಳು ಬೀಗ. ಗುಡಿಗಳ ಕಥೆ ಹೇಳುವ ಗೈಡುಗಳು, ಫೋಟೊ ತೆಗೆಯುವವರು, ಎಳನೀರು ಮಾರುವವರು, ಬಾದಾಮಿಯಿಂದ ಪ್ರವಾಸಿಗರನ್ನು ಕರೆತರುವ ಆಟೊದವರು ಎಲ್ಲರ ಗಳಿಕೆ ಒಂದೇ ದಿನಕ್ಕೆ ನಿಂತಿತು. ಇವರಲ್ಲಿ ಯಾರನ್ನೂ ಯಾರೂ ‘ತೆಗೆದುಹಾಕಿರಲಿಲ್ಲ’. ಆದರೂ ಕೆಲಸ ಹೋಗಿತ್ತು.

ಮೂರನೆಯದು ನಮ್ಮ ಮನೆಯದೇ ಮಾತು. ನಮ್ಮ ಅಬ್ಬಾ ಹನ್ನೊಂದು ವರ್ಷ ಗ್ರಾನೈಟ್ ಪಾಲಿಶ್ ಮಾಡುವ ಒಂದು ಘಟಕದಲ್ಲಿದ್ದರು. ಹೊಸ ಯಂತ್ರ ಬಂತು. ಒಂದು ಶನಿವಾರ ಪಗಾರ ಕೈಗಿಟ್ಟು ‘ಸೋಮವಾರದಿಂದ ಬರಬ್ಯಾಡ್ರಿ’ ಎಂದರು. ಅಬ್ಬಾ ಎರಡು ವಾರ ಯಾರಿಗೂ ಹೇಳಲಿಲ್ಲ. ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು. ಕೊನೆಗೆ ಅಮ್ಮಿಗೆ ಗೊತ್ತಾಗಿ, ಅಮ್ಮಿ ಪಕ್ಕದ ಮನೆಯ ಚಾಚಾನಿಗೆ ಹೇಳಿದರು. ಬಾಗಲಕೋಟೆಯ ನವನಗರದಲ್ಲಿ ಮನೆಗಳಿಗೆ ಗ್ರಾನೈಟ್ ಕೂಡಿಸುವ ಗುತ್ತಿಗೆದಾರರೊಬ್ಬರು ಅವರಿಗೆ ಗೊತ್ತಿದ್ದರು. ಈಗ ಅಬ್ಬಾ ಅಡುಗೆಮನೆಯ ಕಟ್ಟೆ, ಮೆಟ್ಟಿಲು ಕೂಡಿಸುತ್ತಾರೆ. ಹೊಸ ಕೆಲಸದ ಸುದ್ದಿ ಗೋಡೆಯ ಆಚೆಗೇ ಇತ್ತು. ನಾಚಿಕೆ ಅದನ್ನು ಎರಡು ವಾರ ತಡೆದಿತ್ತು.

ಈ ನಾಚಿಕೆಯ ಬಗ್ಗೆ ಯೋಚಿಸುವಾಗ ನನಗೆ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಘಟನೆ ನೆನಪಾಗುತ್ತದೆ. ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಅವರು ಮದೀನಾಕ್ಕೆ ಬಂದರು. ಹಝ್ರತ್ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಇವರು ದುಆ ಮಾಡಿ, ನನಗೆ ಪೇಟೆಯ ದಾರಿ ತೋರಿಸಿದರೆ ಸಾಕು ಎಂದರು. ತುಪ್ಪ, ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರದಿಂದ ಮತ್ತೆ ಎದ್ದು ನಿಂತರು. ಈ ಘಟನೆಯನ್ನು ನಾವು ಸ್ವಾಭಿಮಾನದ ಪಾಠವೆಂದು ಕೇಳುತ್ತೇವೆ. ಅದು ಸರಿ. ಆದರೆ ಅವರು ಏನನ್ನೂ ಕೇಳಲಿಲ್ಲ ಎನ್ನುವಂತಿಲ್ಲ. ದಾರಿ ಕೇಳಿದರು. ಹಣ ಕೇಳುವುದಕ್ಕೂ ದಾರಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ‘ನನ್ನ ಕೆಲಸ ಹೋಗಿದೆ, ಎಲ್ಲಾದರೂ ಇದ್ದರೆ ಹೇಳಿ’ ಎನ್ನುವುದು ಭಿಕ್ಷೆಯಲ್ಲ.

ಕೆಲಸ ಬೇರೆ, ಕಸಬು ಬೇರೆ ಎಂಬುದನ್ನೂ ನಾವು ತಿಳಿಯಬೇಕು. ಕೆಲಸ ಕೊಟ್ಟವನು ಕಸಿದುಕೊಳ್ಳಬಹುದು, ಕಸಬು ಕೈಯಲ್ಲೇ ಇರುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಮಲಪ್ರಭೆಯ ದಂಡೆಗೆ ಹೋಗಿ ನೋಡಿ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಶಿಲ್ಪಿ ಗುಂಡನ ಹೆಸರಿದೆ, ಅವನಿಗೆ ಸಿಕ್ಕ ಅನಿವಾರಿತಾಚಾರಿ ಎಂಬ ಬಿರುದೂ ಇದೆ. ಕೆಲವೇ ವರ್ಷಗಳಲ್ಲಿ, ಎಂಟನೆಯ ಶತಮಾನದ ನಡುವೆ, ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟರು ಬಂದರು. ಕೆಲಸ ಕೊಡುತ್ತಿದ್ದ ಅರಮನೆಯೇ ಇಲ್ಲವಾಯಿತು. ಆದರೆ ರಾಷ್ಟ್ರಕೂಟರ ಕಾಲದ ಜೈನ ಬಸದಿ ಪಟ್ಟದಕಲ್ಲಿನಲ್ಲೇ ನಿಂತಿದೆ. ಎಲ್ಲೋರದ ಕೈಲಾಸ ದೇವಾಲಯದಲ್ಲಿ ನಮ್ಮ ವಿರೂಪಾಕ್ಷದ ಹೋಲಿಕೆಯನ್ನು ಇತಿಹಾಸಕಾರರು ಗುರುತಿಸಿದ್ದಾರೆ. ದೊರೆಗಳು ಬದಲಾದರೂ ಕಲ್ಲಿನ ವಿದ್ಯೆ ನಿಲ್ಲಲಿಲ್ಲ.

ಹಾಗಾಗಿ ಕೆಲಸ ಹುಡುಕುವವರು ‘ನಾನು ಎಲ್ಲಿದ್ದೆ’ ಎಂಬುದಕ್ಕಿಂತ ‘ನನಗೆ ಏನೇನು ಬರುತ್ತದೆ’ ಎಂಬುದನ್ನು ಬರೆದುಕೊಳ್ಳಬೇಕು. ನೇಕಾರನಿಗೆ ಬಣ್ಣ ಗೊತ್ತು, ನೂಲಿನ ಗುಣಮಟ್ಟ ಗೊತ್ತು, ಲೆಕ್ಕ ಗೊತ್ತು. ಗೈಡಿಗೆ ನಾಲ್ಕು ಭಾಷೆ ಗೊತ್ತು, ಅಪರಿಚಿತರೊಡನೆ ಮಾತಾಡುವುದು ಗೊತ್ತು. ಈ ಪಟ್ಟಿಯನ್ನು ಅಪ್ಪನ ಪಕ್ಕ ಕೂತು ಬರೆಯಬಲ್ಲವರು ನಾವೇ.

ಹಕ್ಕಿನ ಮಾತೂ ಇದೆ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕಾರ್ಖಾನೆ ಹೆಚ್ಚುವರಿ ಎಂದು ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ವೇತನ ಕೊಡಬೇಕು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಹನ್ನೊಂದು ವರ್ಷಕ್ಕೆ ಲೆಕ್ಕ ಹಾಕಿದರೆ 165 ದಿನಗಳ ವೇತನ. ಮತ್ತೆ ಜನ ಬೇಕಾದಾಗ ಹಳಬರಿಗೇ ಮೊದಲ ಅವಕಾಶ ಕೊಡಬೇಕೆಂದೂ ಕಾನೂನು ಹೇಳುತ್ತದೆ. ಆದರೆ ಕೇಳಲು ಕಾಗದ ಬೇಕು: ಹಾಜರಿ ಚೀಟಿ, ಪಗಾರದ ಚೀಟಿ, ಪಿಎಫ್ ಅಥವಾ ಇಎಸ್‌ಐ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್. ಇವನ್ನು ಕೆಲಸ ಇರುವಾಗಲೇ ಒಂದು ಕಡೆ ಇಡಬೇಕು. ಮನೆಯಲ್ಲೇ ನೇಯುವವರಿಗೆ, ದಿನಗೂಲಿಯವರಿಗೆ ಈ ಕಾಗದಗಳೇ ಇರುವುದಿಲ್ಲ ಎಂಬುದು ದೊಡ್ಡ ಅನ್ಯಾಯ. ಸರ್ಕಾರದ ಯುವನಿಧಿ ಕೂಡ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ನಲವತ್ತೈದರಲ್ಲಿ ಕೆಲಸ ಕಳೆದುಕೊಂಡ ನೇಕಾರನಿಗೆ ಅದರಲ್ಲಿ ಜಾಗವಿಲ್ಲ.

‘ಹೊಟ್ಟಿಗಿ ಹಿಟ್ಟಿಲ್ಲದಾಗ ಕಾಲೇಜ್ ಯಾಕ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರಾಗಿ ನೋಡುವುದಿಲ್ಲ. ರಜೆಯಲ್ಲಿ, ಸಂಜೆ ಹೊತ್ತಿನಲ್ಲಿ ದುಡಿದು ಮನೆಗೆ ನೆರವಾಗುವುದು ಹೆಮ್ಮೆಯ ವಿಷಯ. ಕೂಡಲಸಂಗಮ ಇರುವ ತಾಲ್ಲೂಕಿನವರಿಗೆ ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಹೊಸದಾಗಿ ಹೇಳಬೇಕಿಲ್ಲ. ಆದರೆ ಪಿಯುಸಿ ಅರ್ಧಕ್ಕೆ ಬಿಟ್ಟವನು ಮುಂದೆ ಎಲ್ಲಿ ಸೇರಿದರೂ, ಯಂತ್ರ ಬಂದಾಗ ಮೊದಲು ಹೊರಗೆ ಹೋಗುವವನು ಅವನೇ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಊರಿನ ಎಷ್ಟೋ ಮಂದಿ ಇಂದಿಗೂ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೈಯಲ್ಲಿ ಓದು ಇದ್ದರೆ ಅಂಥ ರೈಲಿನಿಂದ ಇಳಿದ ಮೇಲೆ ಹೋಗುವ ಬಾಗಿಲುಗಳು ಹೆಚ್ಚಾಗುತ್ತವೆ. ಮಗಳ ಓದು ನಿಲ್ಲಿಸುವುದಂತೂ ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ನಾಳೆ ಆ ಮನೆಯ ಎರಡನೆಯ ಪಗಾರ ಅವಳದೇ ಆಗಬಹುದು.

ಪ್ರವಾದಿ ಮುಹಮ್ಮದ್(ಸ) ಅವರ ಬಳಿ ನೆರವು ಕೇಳಿ ಬಂದ ಅನ್ಸಾರಿಯೊಬ್ಬರ ಘಟನೆ ನಮಗೆಲ್ಲ ಗೊತ್ತು. ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಎರಡು ದಿರ್ಹಮಿಗೆ ಮಾರಿಸಿ, ಒಂದರಲ್ಲಿ ಮನೆಗೆ ಊಟ, ಇನ್ನೊಂದರಲ್ಲಿ ಕೊಡಲಿ ತರಿಸಿದರು. ಪ್ರವಾದಿಯವರು(ಸ) ತಾವೇ ಕಾವು ಹಾಕಿಕೊಟ್ಟು, ಸೌದೆ ಕಡಿದು ಮಾರಿ ಹದಿನೈದು ದಿನದ ನಂತರ ಬನ್ನಿ ಎಂದರು. ಇವತ್ತಿನ ಹೊಟ್ಟೆಗೆ ಊಟ, ನಾಳೆಗೆ ಸಲಕರಣೆ, ಕೊನೆಗೆ ಏನಾಯಿತೆಂದು ವಿಚಾರಿಸುವುದು. ನೆರವು ಎಂದರೆ ಈ ಮೂರೂ ಇರಬೇಕು.

ನಮ್ಮ ಕಾಲೇಜು ಇದರಲ್ಲಿ ಮಾಡಬಹುದಾದದ್ದು ಸಾಕಷ್ಟಿದೆ. ಸತತ ಒಂದು ವಾರ ಬಾರದ ವಿದ್ಯಾರ್ಥಿಯ ಮನೆಗೆ ತರಗತಿ ಶಿಕ್ಷಕರು ಫೋನ್ ಮಾಡಲಿ. ಕೆಲಸ ಹೋದ ಮನೆಯವರಿಗೆ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಆಡಳಿತ ಮಂಡಳಿ ಅವಕಾಶ ಕೊಡಲಿ. ವಿದ್ಯಾರ್ಥಿ ವೇತನದ ಅರ್ಜಿ, ಹೊಸ ಆದಾಯ ಪ್ರಮಾಣಪತ್ರ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಿಗುವ ಶೈಕ್ಷಣಿಕ ಸಹಾಯಧನ, ಇವುಗಳ ಮಾಹಿತಿ ಸೂಚನಾ ಫಲಕದಲ್ಲಿ ಒಂದೇ ಕಡೆ ಇರಲಿ. ವಾಣಿಜ್ಯ ವಿಭಾಗದ ನಾವು ವಾರಕ್ಕೊಂದು ದಿನ, ಶನಿವಾರ ತರಗತಿ ಮುಗಿದ ಮೇಲೆ, ಪಾಲಕರಿಗೆ ಅರ್ಜಿ ಮತ್ತು ಬಯೋಡೇಟಾ ಬರೆದುಕೊಡಲು ಸಿದ್ಧರಿದ್ದೇವೆ. ಒಂದು ಕೋಣೆ, ಎರಡು ಬೆಂಚು ಸಾಕು.

ಗೆಳೆಯ ಗೆಳತಿಯರೇ, ನಿಮ್ಮ ಪಕ್ಕದ ಜಾಗ ಖಾಲಿಯಾದರೆ ‘ಊರಿಗೆ ಹೋಗ್ಯಾನ’ ಎಂದು ಮುಚ್ಚಿಹಾಕಬೇಡಿ. ಅವನಿಗೆ ಮುಜುಗರವಾಗದಂತೆ ತರಗತಿ ಶಿಕ್ಷಕರ ಕಿವಿಗೆ ಹಾಕಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿದ ಮೇಲೆ ಹೇಳಿದರೆ ಯಾರೂ ಏನೂ ಮಾಡಲಾಗುವುದಿಲ್ಲ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ